ಹನ್ನೆರಡು ಗೆರೆಯ ಚೀಟಿ

“ಹಾಕೋದಿಲ್ಲ,” ಎಂದಳು ನೀರಕ್ಕ.

ಕಾಗದ ಕೌಂಟರಿನ ಮೇಲೆ, ಮೀನಿನ ಆಹಾರದ ಡಬ್ಬಿಗಳ ನಡುವೆ ಇತ್ತು. ಇನ್ಸ್‌ಪೆಕ್ಟರ್ ತಮ್ಮ ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟಿದ್ದರು. ಟೋಪಿ ತೆಗೆದು ಪಕ್ಕಕ್ಕಿಟ್ಟಿದ್ದರಿಂದ ಅವರ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು.

“ಇನ್ನೊಂದು ಸಲ ಓದಿ ಹೇಳಲಾ?”

“ಬೇಡ ಸಾರ್, ನನಗೂ ಓದೋಕೆ ಬರುತ್ತೆ. ‘ಗಿರಾಕಿಗೆ ತಪ್ಪು ಸಲಹೆ ಕೊಟ್ಟವಳು ನಾನೇ’ ಅಂತಿದೆ. ಅದು ಸುಳ್ಳು. ಸುಳ್ಳಿನ ಕೆಳಗೆ ನನ್ನ ಸಹಿ ಯಾಕೆ ಸಾರ್?”

ಮೂರು ದಿನಗಳ ಹಿಂದೆ ಟೈಲರ್ ಮೇಷ್ಟ್ರು ತಮ್ಮ ಅಡುಗೆಮನೆಯಲ್ಲಿ, ಮೀನಿನ ಟ್ಯಾಂಕಿಗೆಂದು ಕೊಂಡುತಂದ ಕಲ್ಲನ್ನು ಕುದಿಸುತ್ತ ನಿಂತಲ್ಲೇ ಕುಸಿದಿದ್ದರು. ಒಲೆಯ ಪಕ್ಕ ಸಿಕ್ಕಿದ್ದು ಈ ಅಂಗಡಿಯ ಚೀಟಿ. ಅದರಲ್ಲಿದ್ದದ್ದು ನೀರಕ್ಕನ ಕೈಬರಹ. ಮೇಷ್ಟ್ರಿಗೆ ಇನ್ನೂ ಎಚ್ಚರವಾಗಿರಲಿಲ್ಲ.

“ಹಾಗಾದ್ರೆ ಇದು ನಿನ್ನ ಅಕ್ಷರ ಅಲ್ಲ ಅಂತೀಯ?” ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಕವರಿನಲ್ಲಿದ್ದ ಚೀಟಿಯನ್ನು ಎತ್ತಿ ಹಿಡಿದರು.

“ನನ್ನದೇ. ಬರೆದದ್ದು ನಾನು. ಕೊಟ್ಟದ್ದು ನಾನಲ್ಲ.”

“ಎರಡಕ್ಕೂ ಏನಮ್ಮ ವ್ಯತ್ಯಾಸ?”

“ಅಡುಗೆ ಮಾಡೋದಕ್ಕೂ ಬಡಿಸೋದಕ್ಕೂ ಇರೋವಷ್ಟು ಸಾರ್. ಸಕ್ಕರೆ ಕಾಯಿಲೆಯವರ ತಟ್ಟೆಗೆ ಯಾರೋ ಸಿಹಿ ಬಡಿಸಿದ್ರೆ ಒಲೆ ಮುಂದೆ ನಿಂತವಳನ್ನ ಹಿಡೀತೀರಾ?”

ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕುಳಿತಿದ್ದ ಅವಳ ಅತ್ತೆ ಸಣ್ಣಗೆ ಕೆಮ್ಮಿದರು. ಅದು ನಗು ಎಂದು ಸೊಸೆಗೆ ಮಾತ್ರ ಗೊತ್ತು. ಪೊಲೀಸರು ಕರೆದಿದ್ದಾರೆ ಎಂದ ಕೂಡಲೇ ಅತ್ತೆ, ಬೇಡವೆಂದರೂ ಕೇಳದೆ, ಕೈಚೀಲ ಹಿಡಿದು ಜೊತೆಗೆ ಹೊರಟಿದ್ದರು. ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದದ್ದೂ ಅವರೇ. ಬಂದವರು ಒಳಗೆ ಬರಲಿಲ್ಲ. ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟರು.

“ನೋಡಿದ್ರಾ ಸಾರ್, ಬಾಯಿ!” ಎಂದರು ಅಂಗಡಿಯ ಯಜಮಾನರು. “ನಾಲ್ಕು ವರ್ಷದಿಂದ ಇದನ್ನೇ ಸಹಿಸಿಕೊಂಡು ಬಂದಿದ್ದೀನಿ.”

ನಾಲ್ಕು ವರ್ಷದ ಹಿಂದೆ ಈ ಅಂಗಡಿಯನ್ನು ಕೊಳ್ಳುವವರೆಗೆ ಯಜಮಾನರು ನೆಲಕ್ಕೆ ಹಾಕುವ ಟೈಲ್ಸ್ ಮಾರುತ್ತಿದ್ದವರು. ಮೀನಿನ ವಿಷಯದಲ್ಲಿ ಅವರು ಕಲಿತದ್ದು ಎರಡೇ: ಕೆಂಪಗಿದ್ದರೆ ಬೇಗ ಹೋಗುತ್ತದೆ, ಸತ್ತರೆ ಹೋಗುವುದಿಲ್ಲ. ಉಳಿದದ್ದಕ್ಕೆಲ್ಲ ನೀರಕ್ಕ ಇದ್ದಳು. ಹಳೆಯ ಯಜಮಾನರ ಕಾಲದಿಂದ, ಹನ್ನೊಂದು ವರ್ಷ, ಈ ಇಪ್ಪತ್ತಾರು ಗಾಜಿನ ತೊಟ್ಟಿಗಳ ನಡುವೆಯೇ ಅವಳ ಬದುಕು ನಡೆದಿತ್ತು.

ಆ ಹೆಸರು ಗಿರಾಕಿಗಳು ಇಟ್ಟದ್ದು. ಮೀನು ಕೇಳಿಕೊಂಡು ಬಂದವರಿಗೆ ಅವಳು ಮೊದಲು ಹೇಳುತ್ತಿದ್ದದ್ದು, “ನಿಮ್ಮ ಟ್ಯಾಂಕ್ ನೀರು ಒಂದು ಬಾಟಲಿ ತನ್ನಿ.” ತಂದರೆ ಸಣ್ಣ ಗಾಜಿನ ಕೊಳವೆಗೆ ಸುರಿದು, ಐದು ಹನಿ ಔಷಧಿ ಬಿಟ್ಟು, ಅಲ್ಲಾಡಿಸಿ, ಬೆಳಕಿಗೆ ಹಿಡಿದು ಬಣ್ಣ ನೋಡುವಳು. ಹಳದಿಗೆ ತಿರುಗಿದರೆ ಒಂದು ಮಾತು, ನೀಲಿಗೆ ತಿರುಗಿದರೆ ಇನ್ನೊಂದು. ನೀರು ಸರಿಯಿಲ್ಲದಿದ್ದರೆ ಎಷ್ಟೇ ಗೋಗರೆದರೂ ಮೀನು ಕೊಡುತ್ತಿರಲಿಲ್ಲ. “ಹೆಣ್ಣು ಕೊಡೋಕೂ ಇಷ್ಟು ವಿಚಾರಿಸೋಲ್ಲ ಮಾರಾಯ್ತಿ,” ಎಂದು ಬೈದುಕೊಂಡು ಹೋದವರೇ ಮರುವಾರ ಬಾಟಲಿ ಹಿಡಿದು ಬರುತ್ತಿದ್ದರು.

“ಸಾರ್, ಚೀಟಿಯಲ್ಲಿರೋದನ್ನ ನೀವೇ ಓದಿ,” ಎಂದಳು ಅವಳು.

ಇನ್ಸ್‌ಪೆಕ್ಟರ್ ಓದಿದರು. “ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಡಿ. ತಣ್ಣಗಾದ ಮೇಲೆ ಹಳೆಯ ಬ್ರಷ್‌ನಿಂದ ಉಜ್ಜಿ. ಸೋಪು ಬೇಡವೇ ಬೇಡ. ಆಮೇಲೆ ಟ್ಯಾಂಕಿಗೆ ಇಳಿಸಿ. ನಿಮ್ಮ ನೀರು...” ನಿಲ್ಲಿಸಿದರು. “ಇಲ್ಲಿ ಖಾಲಿ ಬಿಟ್ಟಿದೆ.”

“ಹೂಂ. ಖಾಲಿ ಬಿಟ್ಟಿದೆ.”

ಅವಳು ಕೌಂಟರಿನ ಹಿಂದಿನ ಗೋಡೆಯತ್ತ ತಿರುಗಿದಳು. ಅಲ್ಲಿ ಸಾಲಾಗಿ ಮೂರು ಮೊಳೆ. ಒಂದೊಂದರಲ್ಲೂ ಒಂದೊಂದು ಕಂತೆ ಚೀಟಿ ನೇತಾಡುತ್ತಿತ್ತು. ಮಗಳ ಹಳೆಯ ನೋಟ್‌ಪುಸ್ತಕಗಳಲ್ಲಿ ಉಳಿದ ಹಾಳೆಗಳನ್ನು ಸ್ಕೇಲು ಇಟ್ಟು ಕತ್ತರಿಸಿ ಮಾಡಿದ ಚೀಟಿಗಳು ಅವು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಮಗಳು ಲೆಕ್ಕ ಮಾಡುತ್ತ ಕೂತರೆ ತಾಯಿ ಪಕ್ಕದಲ್ಲಿ ಚೀಟಿ ಬರೆಯುತ್ತ ಕೂರುವಳು.

“ಹೊಳೆಕಲ್ಲಿಗೆ ಒಂದು, ಟ್ಯಾಂಕಿನೊಳಗೆ ಇಡೋ ಮರದ ಬೇರಿಗೆ ಒಂದು, ಹೊಸ ಟ್ಯಾಂಕಿಗೆ ಒಂದು. ದಿನಕ್ಕೆ ಹತ್ತು ಸಲ ಅದನ್ನೇ ಬರೀಬೇಕಾಗುತ್ತೆ ಅಂತ ಮುಂಚೆನೇ ಬರೆದು ತೂಗುಹಾಕ್ತೀನಿ. ನೀರಿನ ಗೆರೆ ಒಂದನ್ನ ಮಾತ್ರ ಖಾಲಿ ಬಿಡ್ತೀನಿ. ಬಾಟಲಿ ಬಂದು, ನೀರು ನೋಡಿ, ಅಂಕಿ ತುಂಬಿದ ಮೇಲೇ ಚೀಟಿ ನನ್ನ ಕೈ ಬಿಡೋದು. ಟೈಲರ್ ಮೇಷ್ಟ್ರ ಮನೆಗೆ ಹೋಗಿ ನೋಡಿ. ಅವರು ಒಂದು ಚೀಟೀನೂ ಬಿಸಾಡೋಲ್ಲ, ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಇಟ್ಟಿರ್ತಾರೆ. ಖಾಲಿ ಗೆರೆ ಇರೋದು ಇನ್ನೊಂದು ಸಿಕ್ಕಿದ್ರೆ ನೀವು ಹೇಳಿದ ಕಡೆ ಸಹಿ ಹಾಕ್ತೀನಿ.”

ಇನ್ಸ್‌ಪೆಕ್ಟರ್ ಪೆನ್ನನ್ನು ಕಾಗದದ ಮೇಲಿನಿಂದ ಎತ್ತಿ ತಮ್ಮ ಕೈಗೆ ತೆಗೆದುಕೊಂಡರು.

“ಈಗ ಗೆರೆ ಎಣಿಸಿ ಸಾರ್.”

ಅವಳು ಮೊದಲ ಮೊಳೆಯಿಂದ ಒಂದು ಚೀಟಿ ಕಿತ್ತು ಅವರ ಮುಂದಿಟ್ಟಳು. ಇನ್ಸ್‌ಪೆಕ್ಟರ್ ಪೆನ್ನಿನ ತುದಿ ಇಟ್ಟು ಮಗುವಿನಂತೆ ಎಣಿಸಿದರು.

“ಹನ್ನೆರಡು.”

“ಅದರಲ್ಲಿ?”

ಕವರಿನಲ್ಲಿದ್ದ ಚೀಟಿಯನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. “ಒಂಬತ್ತು.”

“ಮೊಳೆಯ ತೂತು?”

“ಇದಕ್ಕೆ ತೂತೇ ಇಲ್ಲ.”

ಎರಡನ್ನೂ ಪಕ್ಕಪಕ್ಕ ಇಟ್ಟರು. ಮೊಳೆಯಿಂದ ಕಿತ್ತ ಚೀಟಿಯ ನೆತ್ತಿಯಲ್ಲಿ ತೂತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ “ಹೊಳೆಕಲ್ಲಿಗೆ ಮಾತ್ರ” ಎಂಬ ತಲೆಬರಹ. ಟೈಲರ್ ಮೇಷ್ಟ್ರ ಅಡುಗೆಮನೆಯ ಚೀಟಿ ಮೂರು ಗೆರೆ ಗಿಡ್ಡ. ತಲೆಬರಹವೂ ಇಲ್ಲ, ತೂತೂ ಇಲ್ಲ.

“ಹರಿದು ಹೋಗಿರಬಹುದು,” ಎಂದರು ಯಜಮಾನರು.

“ಹರಿದದ್ದು ಇಷ್ಟು ನೆಟ್ಟಗಿರುತ್ತಾ? ಇದು ಕತ್ತರಿ ಕೆಲಸ,” ಎಂದಳು ನೀರಕ್ಕ.

“ಕತ್ತರಿ ಟೈಲರ್ ಹತ್ತಿರಾನೇ ಇರುತ್ತೆ!”

ಮಾತಿನಲ್ಲಿ ಹುರುಳಿತ್ತು. ನೀರಕ್ಕನೂ ಅದನ್ನು ಒಪ್ಪಿಕೊಂಡವಳಂತೆ ತಲೆಯಾಡಿಸಿದಳು.

“ಇರುತ್ತೆ. ಆದರೆ ಮೇಷ್ಟ್ರಿಗೆ ಅದನ್ನ ಕತ್ತರಿಸಿ ಏನಾಗಬೇಕು? ‘ಹೊಳೆಕಲ್ಲಿಗೆ ಮಾತ್ರ’ ಅಂತ ಓದಿದ್ದರೆ ಅವರು ಆ ಕಲ್ಲನ್ನ ಒಲೆ ಮೇಲೇ ಇಡ್ತಿರಲಿಲ್ಲ.”

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹೆಂಗಸು ಅತ್ತೆಯ ಹೆಗಲ ಮೇಲಿಂದ ಇಣುಕಿದಳು. ಪೊಲೀಸರನ್ನು ಕಂಡು ಹಿಂಜರಿದರೂ ಆತಂಕ ತಡೆಯಲಿಲ್ಲ. “ನೀರಕ್ಕಾ, ನಮ್ಮನೆ ಗೋಲ್ಡ್‌ಫಿಶ್ಶು ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದೆ. ಒಂದು ಔಷಧಿ ಕೊಟ್ಟುಬಿಡಿ.”

“ದಿನಕ್ಕೆ ಎಷ್ಟು ಸಲ ಊಟ ಹಾಕ್ತೀರಿ?”

“ನಾವು ಉಣ್ಣೋವಾಗೆಲ್ಲ ಹಾಕ್ತೀವಿ, ಪಾಪ ನೋಡ್ತಾ ಇರುತ್ತೆ.”

“ಪಾಪ ಅಂತಾನೇ ಅದಕ್ಕೆ ಆ ಗತಿ. ಔಷಧಿ ಬೇಡ. ಮೂರು ದಿನ ಉಪವಾಸ ಹಾಕಿ. ಆಮೇಲೆ ಬೇಯಿಸಿದ ಬಟಾಣಿ ಸಿಪ್ಪೆ ಬಿಡಿಸಿ ಚೂರೇ ಚೂರು ಕೊಡಿ. ಒಂದು ಬಾಟಲಿ ನೀರು ತಂದು ತೋರಿಸಿ.”

ಹೆಂಗಸು ತಲೆಯಾಡಿಸಿ ಹೋದಳು. ಯಜಮಾನರು ಔಷಧಿ ಬಾಟಲಿಗಳ ಕಪಾಟಿನ ಕಡೆ ನೋಡಿ ನಿಟ್ಟುಸಿರಿಟ್ಟರು. “ನೋಡಿ, ಹೀಗೇ! ಹೋಗ್ತಿದ್ದ ಮಾಲನ್ನ ನಿಲ್ಲಿಸ್ತಾಳೆ.”

“ಸಾಯ್ತಿದ್ದ ಮೀನನ್ನೂ ನಿಲ್ಲಿಸ್ತಾಳಪ್ಪ,” ಎಂದರು ಅತ್ತೆ ಬಾಗಿಲಿಂದ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. ಸಹಿಯ ಮಾತು ಸದ್ಯಕ್ಕೆ ಮರೆತುಹೋದಂತಿತ್ತು.

“ಸರಿ. ನೀನು ಹೇಳೋದೇನು? ಡಾಕ್ಟರು ಉಸಿರಿನಲ್ಲಿ ಹೋದ ವಿಷ ಅಂತಾರೆ. ಯಾವುದು ಅಂತ ಅವರಿಗೂ ಗೊತ್ತಾಗ್ತಿಲ್ಲ. ಪಾತ್ರೆಯಲ್ಲಿದ್ದ ನೀರು, ಕಲ್ಲು ಎಲ್ಲಾನೂ ಪಕ್ಕದ ಮನೆಯವರು ಒಳ್ಳೇದು ಮಾಡೋಕೆ ಹೋಗಿ ಎಸೆದುಬಿಟ್ಟಿದ್ದಾರೆ. ಮನೆಯಲ್ಲಿ ಅದೇ ಅನ್ನ ಉಂಡ ಅವರ ಹೆಂಡತಿ ಗಟ್ಟಿಮುಟ್ಟಾಗಿದ್ದಾರೆ. ಕಲ್ಲು ಕುದಿಸಿದ್ರೆ ವಿಷ ಬರುತ್ತಾ?”

“ಹೊಳೆಕಲ್ಲು ಕುದಿಸಿದ್ರೆ ಬರೋಲ್ಲ. ಅದು ಕಡಲಕಲ್ಲು ಸಾರ್. ಮೇಷ್ಟ್ರ ಹೆಂಡತಿ ಹೇಳಿದ್ರು, ಅದರ ಮೇಲೆ ಅಂಗಿ ಗುಂಡಿಯಷ್ಟಗಲ ಹಸಿರು ಹೂಗಳಿದ್ದವಂತೆ. ಹೂವಲ್ಲ ಅವು, ಜೀವ ಇರೋ ಪ್ರಾಣಿಗಳು. ಮೈಯೊಳಗೆ ವಿಷ. ನೀರಲ್ಲಿದ್ದರೆ ಅವುಗಳ ಪಾಡಿಗೆ ಅವು. ಕುದಿಸಿದ್ರೆ ವಿಷ ಹಬೆ ಜೊತೆ ಮೇಲೆ ಬರುತ್ತೆ. ಹಳೇ ಯಜಮಾನ್ರು ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ರು: ಕೈಗವಸು ಇಲ್ಲದೆ ಮುಟ್ಟಬೇಡ, ಬಿಸಿನೀರಿನ ಹತ್ತಿರ ಒಯ್ಯಬೇಡ. ನಾನಿದ್ದಿದ್ರೆ ಈ ಅಂಗಡಿಗೆ ಆ ಕಲ್ಲು ಇಳಿಯೋಕೇ ಬಿಡ್ತಿರಲಿಲ್ಲ. ಭಾನುವಾರ ನನಗೆ ರಜೆ, ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಆವತ್ತೇ ಬಂತು, ಆವತ್ತೇ ಹೋಯ್ತು.”

“ಕಟ್ಟುಕತೆ ಸಾರ್,” ಯಜಮಾನರು ಕೈ ಬೀಸಿದರು. “ಕಲ್ಲು ಅಂದ್ರೆ ಕಲ್ಲೇ. ಜೀವಮಾನವೆಲ್ಲ ಕಲ್ಲು ಮಾರಿದವನು ನಾನು. ಆ ಟೈಲರು ತೊಳೆಯೋಕೆ ಏನೋ ಆಸಿಡ್ ಬೆರೆಸಿಕೊಂಡಿರಬೇಕು.”

“ನೀನೇನಪ್ಪ ಹೇಳ್ತೀಯ?” ಇನ್ಸ್‌ಪೆಕ್ಟರ್ ಮೂಲೆಯ ಕಡೆ ತಿರುಗಿದರು.

ಮೂಲೆಯಲ್ಲಿ ಥರ್ಮಾಕೋಲ್ ಪೆಟ್ಟಿಗೆಯ ಮೇಲೆ ಕುಳಿತವನನ್ನು ಎಲ್ಲರೂ ಕಡಲಣ್ಣ ಎನ್ನುತ್ತಿದ್ದರು. ಉಪ್ಪುನೀರಿನ ಮೀನು, ಶಂಖ, ಕಲ್ಲು ಎಲ್ಲವನ್ನೂ ಅಂಗಡಿಯಿಂದ ಅಂಗಡಿಗೆ ಒಯ್ದು ಕೊಡುವವನು ಅವನೇ. ಬೆಳಗಿನಿಂದ ಅವನು ಆಡಿದ್ದು ಒಂದೇ ಮಾತು. ಈಗಲೂ ಅದನ್ನೇ ಆಡಿದ.

“ನಂಗೇನು ಗೊತ್ತು ಸಾರ್. ಪೆಟ್ಟಿಗೆ ಬರುತ್ತೆ, ಪೆಟ್ಟಿಗೆ ಕೊಡ್ತೀನಿ.”

“ಕೇಳಿದ್ಯಾ?” ಇನ್ಸ್‌ಪೆಕ್ಟರ್ ನೀರಕ್ಕನ ಕಡೆ ಬಾಗಿದರು. ದನಿಯಲ್ಲಿ ಗದರಿಕೆ ಇರಲಿಲ್ಲ, ದಣಿವಿತ್ತು. “ಇವರಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲ. ಆ ಕಲ್ಲು ಕುದಿಸಿದ್ರೆ ವಿಷ ಅಂತ ಗೊತ್ತಿರೋದು ಈ ಅಂಗಡೀಲಿ ನಿನಗೊಬ್ಬಳಿಗೇ. ಕೋರ್ಟಿನಲ್ಲಿ ಏನಂತ ಕೇಳ್ತಾರೆ ಗೊತ್ತಾ? ಗೊತ್ತಿದ್ದವಳೇ ತಾನೇ ವಿಷ ಹಾಕೋಕೆ ಸಾಧ್ಯ, ಅಂತ. ಅದಕ್ಕೇ ಹೇಳ್ತಿದ್ದೀನಿ, ತಪ್ಪಾಯ್ತು ಅಂತ ಸಹಿ ಹಾಕು. ತಪ್ಪು ಅಂದ್ರೆ ಸಣ್ಣದರಲ್ಲಿ ಹೋಗುತ್ತೆ.”

“ನಾನೂ ಅದನ್ನೇ ಹೇಳಿದ್ದು,” ಯಜಮಾನರ ದನಿ ಮೆತ್ತಗಾಯಿತು. “ಸಹಿ ಹಾಕಿದ್ರೆ ಕೆಲಸದಲ್ಲಿ ಇಟ್ಕೋತೀನಿ. ಹಾಕದಿದ್ರೆ, ನೆನಪಿಟ್ಕೋ, ಈ ಬೀದಿಯಲ್ಲಿ ಇನ್ನೂ ಎರಡು ಮೀನಂಗಡಿ ಇವೆ. ಎರಡರ ಮೆಟ್ಟಿಲೂ ಹತ್ತದ ಹಾಗೆ ಮಾಡ್ತೀನಿ.”

ನೀರಕ್ಕನ ಕಿವಿ ಕೆಂಪಾಯಿತು. ಮನೆಯ ಬಾಡಿಗೆ, ಮಗಳ ಶಾಲೆ, ಅತ್ತೆಯ ಮೊಣಕಾಲಿನ ಔಷಧಿ, ಎಲ್ಲವೂ ಒಟ್ಟಿಗೆ ಕಣ್ಮುಂದೆ ಬಂದವು. ಅವಳು ಅತ್ತೆಯತ್ತ ನೋಡಿದಳು. ಅತ್ತೆ ಕೈಚೀಲವನ್ನು ಮಡಿಲಲ್ಲಿ ನೇರ ಮಾಡಿಕೊಂಡು, ಸೊಸೆಗೆ ಮಾತ್ರ ಕಾಣುವಷ್ಟು, ಇಲ್ಲವೆಂದು ತಲೆಯಾಡಿಸಿದರು.

“ಯಜಮಾನ್ರೇ, ಮೀನು ಮಾರೋಕೆ ಅಂಗಡಿ ಬೇಕು. ನೀರು ನೋಡೋಕೆ ಬೇಕಾಗಿಲ್ಲ. ನಮ್ಮನೆ ಜಗುಲಿ ಮೇಲೆ ಕೂತ್ರೂ ಜನ ಬಾಟಲಿ ತರ್ತಾರೆ. ಸಾರ್, ನಾನು ಮಾಡಿದ ತಪ್ಪು ಒಂದಿದೆ. ಮುಂಚೆನೇ ಬರೆದು ಯಾರ ಕೈಗೆ ಬೇಕಾದ್ರೂ ಸಿಗೋ ಹಾಗೆ ತೂಗುಹಾಕಿದ್ದು. ಅದನ್ನ ಬರೆದು ತನ್ನಿ, ಈಗಲೇ ಸಹಿ ಹಾಕ್ತೀನಿ. ಮೇಷ್ಟ್ರ ಹೆಂಡತಿ ಕಾಲಿಗೂ ಬೀಳ್ತೀನಿ. ಇದಕ್ಕೆ ಮಾತ್ರ ಹಾಕೋದಿಲ್ಲ.”

“ಸಾಕ್ಷಿ ಬೇಕಲ್ಲಮ್ಮ.”

“ಗೊತ್ತಿರೋಳು ನಾನೊಬ್ಬಳೇ ಅಂದ್ರಲ್ಲ. ಇನ್ನೂ ಯಾರಿಗಾದ್ರೂ ಗೊತ್ತಿದೆಯಾ, ನೋಡೇಬಿಡೋಣ.”

ಅವಳು ಅಂಗಡಿಯ ಹಿಂಭಾಗಕ್ಕೆ ಹೋದಳು. ಅಲ್ಲಿ ಮರದ ಬೇರುಗಳನ್ನು ಬೇಯಿಸುವ ಗ್ಯಾಸ್ ಒಲೆಯಿತ್ತು. ಅಗಲ ಬಾಯಿಯ ಪಾತ್ರೆಗೆ ಎರಡು ಚೊಂಬು ನೀರು ಸುರಿದು ಒಲೆ ಹಚ್ಚಿದಳು. ಎಲ್ಲರಿಗೂ ಕಾಣುವಂತೆ ನಡುವಿನ ಪರದೆ ಸರಿಸಿದಳು. ನೀರಿನ ತಳದಲ್ಲಿ ಗುಳ್ಳೆ ಕಟ್ಟಿತು, ಗುಳ್ಳೆ ಮೇಲೆದ್ದಿತು, ಕುದಿ ಬಂತು.

ಆಗ ಅವಳು ಉದ್ದನೆಯ ರಬ್ಬರ್ ಕೈಗವಸು ತೊಟ್ಟು, ಮೂಲೆಯ ಬಕೆಟ್ಟಿನಿಂದ ಒದ್ದೆ ಬಟ್ಟೆ ಸುತ್ತಿದ ಮುಷ್ಟಿಯಷ್ಟು ದೊಡ್ಡದೇನನ್ನೋ ಎತ್ತಿದಳು.

“ಒಂದು ಕಡಲಕಲ್ಲು ಇಲ್ಲೇ ಉಳಿದಿತ್ತು.”

“ಉಳಿದಿತ್ತಾ? ಮುಗಿದಿತ್ತಲ್ಲ!” ಯ‌ಜಮಾನರು ಹುಬ್ಬು ಗಂಟಿಕ್ಕಿದರು. ಆದರೆ ಕುರ್ಚಿಯಿಂದ ಏಳಲಿಲ್ಲ.

“ಏನಮ್ಮ ಮಾಡ್ತಿದ್ದೀ?” ಇನ್ಸ್‌ಪೆಕ್ಟರ್ ಕೇಳಿದರು.

“ಚೀಟಿಯಲ್ಲಿ ಬರೆದಿರೋದನ್ನ ಸಾರ್. ಕಲ್ಲು ಅಂದ್ರೆ ಕಲ್ಲೇ ಅಂದ್ರಲ್ಲ ಯಜಮಾನ್ರು.”

ಬಟ್ಟೆ ಬಿಚ್ಚಿದ್ದೂ ಕಲ್ಲು ನೀರಿಗೆ ಬಿದ್ದದ್ದೂ ಒಟ್ಟಿಗೇ ಆಯಿತು. ಹಬೆ ಭುಗ್ಗೆಂದು ಎದ್ದು ಪರದೆ ದಾಟಿ ಅಂಗಡಿಯೊಳಕ್ಕೆ ಬಂತು.

ಥರ್ಮಾಕೋಲ್ ಪೆಟ್ಟಿಗೆ ಮಗುಚಿ ಬಿತ್ತು. ಕಡಲಣ್ಣ ಅಂಗಿಯನ್ನು ಮೂಗಿನವರೆಗೆ ಎಳೆದುಕೊಂಡು, ಕೌಂಟರಿಗೆ ಡಿಕ್ಕಿ ಹೊಡೆದು, ಆಹಾರದ ಡಬ್ಬಿಗಳನ್ನೆಲ್ಲ ಉರುಳಿಸಿ ಬಾಗಿಲಿಗೆ ಓಡಿದ. ಬಾಗಿಲಲ್ಲಿ ಅತ್ತೆ ಅಲ್ಲಾಡದೆ ಕುಳಿತಿದ್ದರು.

“ಏಳಮ್ಮಾ! ಏಳಿ, ಸಾಯ್ತೀರ! ಉಸಿರು ತಗೋಬೇಡಿ!”

“ಮೊಣಕಾಲು ನೋವಪ್ಪ,” ಎಂದರು ಅತ್ತೆ. “ಒಂದ್ಸಲ ಕೂತ್ರೆ ಏಳೋಕೆ ಹೊತ್ತಾಗುತ್ತೆ. ನಿಂಗೇನು ಇಷ್ಟು ಅವಸರ? ಪೆಟ್ಟಿಗೆ ತರೋನು ತಾನೇ ನೀನು?”

ಅವನು ಅವರನ್ನು ದಾಟಲು ಕಾಲೆತ್ತುವಷ್ಟರಲ್ಲಿ ಇನ್ಸ್‌ಪೆಕ್ಟರ್ ಅವನ ಕಾಲರ್ ಹಿಡಿದಿದ್ದರು. ಅವರ ಇನ್ನೊಂದು ಕೈ ತಮ್ಮ ಮೂಗಿನ ಮೇಲಿತ್ತು.

ನೀರಕ್ಕ ಒಲೆ ಆರಿಸಿ, ಇಕ್ಕಳದಿಂದ ಕಲ್ಲನ್ನು ಎತ್ತಿ ತೋರಿಸಿದಳು. ನುಣ್ಣನೆಯ ಕರಿ ಕಲ್ಲು.

“ಮೂಗು ಬಿಡಿ ಸಾರ್. ಹೊಳೆಕಲ್ಲು ಇದು. ಸಂಜೆವರೆಗೂ ಕುದಿಸಬಹುದು.”

ಯಜಮಾನರು ಕುಳಿತಲ್ಲೇ ಇದ್ದರು. ಅವರಿಗೆ ನಿಜವಾಗಿಯೂ ಏನೂ ಅರ್ಥವಾಗಿರಲಿಲ್ಲ. “ಇವನ್ಯಾಕೆ ಓಡಿದ?” ಎಂದು ಕೇಳಿದರು.

“ಅವನನ್ನೇ ಕೇಳಿ,” ಎಂದಳು ನೀರಕ್ಕ.

ಕಾಲರ್ ಬಿಗಿಯಾಯಿತು. ಕಡಲಣ್ಣನ ಮೊಂಡು ದನಿ ಒಡೆಯಿತು. “ಗೊತ್ತಿತ್ತು ಸಾರ್. ಬಿಸಿ ತಾಗಿಸಬಾರದು ಅಂತ ಗೊತ್ತಿತ್ತು. ಹಿಂದೆ ಒಂದು ಕಡೆ ಹೀಗೇ... ನನ್ನ ಜೊತೆಗಾರನೇ ಹದಿನೈದು ದಿನ ಮಲಗಿದ್ದ. ಆದರೆ ವಿಷ ಇದೆ ಅಂತ ಹೇಳಿದ್ರೆ ಯಾವ ಅಂಗಡಿಯವರು ತಗೋತಾರೆ? ಈಯಮ್ಮ ಇದ್ರೆ ಇಳಿಸೋಲ್ಲ ಅಂತಾನೇ ಭಾನುವಾರ ನೋಡ್ಕೊಂಡು ಬಂದೆ.”

ಅಷ್ಟು ಹೊತ್ತು ತಡೆದುಕೊಂಡಿದ್ದ ನೀರಕ್ಕನ ದನಿ ಏರಿತು. “ಒಂದು ಮಾತು! ‘ಬಿಸಿನೀರು ತಾಗಿಸಬೇಡಿ’, ಇಷ್ಟೇ. ಒಂದು ಮಾತು ಹೇಳೋಕೆ ನಿನಗೆ ಬಾಯಿ ಬರಲಿಲ್ಲ. ನಾಲ್ಕು ಊರಿನ ಅಂಗಡಿ ಸುತ್ತುತ್ತೀಯ. ಆ ಮನುಷ್ಯ ಗುಂಡಿ ಹೊಲಿದು ಹೊಲಿದು, ಗುಂಡಿ ಥರಾನೇ ಇದೆ ಅಂತ ಆಸೆಪಟ್ಟು ತಗೊಂಡು ಹೋಗಿದ್ದು!”

ಕಡಲಣ್ಣ ನೆಲ ನೋಡಿದ.

“ಚೀಟಿ ಕತ್ತರಿಸಿದ್ದೂ ನೀನೇನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್, ಆಣೆಗೂ ಇಲ್ಲ. ನಾನು ಕಲ್ಲು ಇಳಿಸಿ ಹೊರಟುಬಿಟ್ಟೆ. ಎರಡೇ ಕಲ್ಲು.”

ಎಲ್ಲರ ಕಣ್ಣೂ ಯಜಮಾನರ ಮೇಲೆ ಹೊರಳಿದವು. ಅವರ ಮುಖದ ಬಣ್ಣ, ಹನಿ ಬಿಟ್ಟ ಗಾಜಿನ ಕೊಳವೆಯ ನೀರಿನಂತೆ, ನೋಡನೋಡುತ್ತಲೇ ಬದಲಾಗುತ್ತಿತ್ತು.

“ನಿಜಕ್ಕೂ... ವಿಷಾನಾ ಅದು?” ಎಂದರು. ತುಟಿ ಒಣಗಿತ್ತು.

“ಯಜಮಾನ್ರೇ, ಕತ್ತರಿಸಿದ್ದು ಯಾರು?”

“ಚೀಟಿ ಇಲ್ಲದೆ ಹೋಗೋಲ್ಲ ಅಂತ ಹಟ ಹಿಡಿದರು ಮೇಷ್ಟ್ರು. ನೀರಕ್ಕ ಏನಾದರೂ ಬರೆದಿಟ್ಟಿರ್ತಾಳೆ, ನೋಡಿ ಅಂದ್ರು. ಕಲ್ಲಿನದು ಒಂದಿತ್ತು. ಮೇಲೆ ಹೊಳೆ ಅಂತಿತ್ತು. ಕತ್ತರಿಸಿದ್ರೆ ಆಯ್ತು ಅಂತ... ನಂಗೇನು ಗೊತ್ತಿತ್ತು? ಕಲ್ಲು ಅಂದ್ರೆ ಕಲ್ಲೇ ಅಂದ್ಕೊಂಡೆ.”

ಇನ್ಸ್‌ಪೆಕ್ಟರ್ ಕೌಂಟರಿನ ಮೇಲಿದ್ದ ಕಾಗದವನ್ನು ನಿಧಾನವಾಗಿ ಎರಡಾಗಿ ಹರಿದರು.

ನೀರಕ್ಕನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವಳು ಕಡಲಣ್ಣನ ಕಡೆ ತಿರುಗಿದಳು. “ಎರಡು ಕಲ್ಲು ಅಂದ್ಯಲ್ಲ. ಒಂದು ಮೇಷ್ಟ್ರ ಮನೆಗೆ ಹೋಯ್ತು. ಸೋಮವಾರ ನಾನು ಬಂದಾಗ ಇಲ್ಲಿ ಒಂದೂ ಇರಲಿಲ್ಲ.” ಅಂಗಡಿಯ ಮೂಲೆಯ ಉಪ್ಪುನೀರಿನ ತೊಟ್ಟಿ ಖಾಲಿಯಾಗಿತ್ತು. “ಯಜಮಾನ್ರೇ, ಇನ್ನೊಂದು ಎಲ್ಲಿ?”

ಯಜಮಾನರು ನೋಡುತ್ತಿದ್ದದ್ದು ನೀರಕ್ಕನನ್ನಲ್ಲ, ಇನ್ಸ್‌ಪೆಕ್ಟರನ್ನು.

ಕೌಂಟರಿನ ಫೋನು ಬಡಿದುಕೊಂಡಿತು. ಹನ್ನೊಂದು ವರ್ಷದ ಅಭ್ಯಾಸದಂತೆ ನೀರಕ್ಕನ ಕೈ ತಾನಾಗಿಯೇ ಎತ್ತಿಕೊಂಡಿತು.

“ಚೀಟಿ ಬರೆದ ಅಮ್ಮ ಇದ್ದಾರಾ?” ವಯಸ್ಸಾದ, ಅಕ್ಕರೆಯ ದನಿ. “ಚೀಟಿ ಬೆನ್ನಿಗೆ ಈ ನಂಬರಿತ್ತು.”

“ನಾನೇ ಅಮ್ಮ. ಹೇಳಿ.”

“ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣಮ್ಮ. ಬೆಳಿಗ್ಗೆ ನಿಮ್ಮ ಅಂಗಡಿಯಿಂದ ಗಾಜಿನ ಬೋಗುಣಿ, ಎರಡು ಮೀನು, ಹೂ ಬಿಟ್ಟ ಕಲ್ಲು ಒಂದು ಕಳಿಸಿದ್ರಲ್ಲ. ಕಲ್ಲನ್ನ ಚೀಟಿ ನೋಡ್ಕೊಂಡು ಒಲೆ ಮೇಲೆ ಇಟ್ಟಿದ್ದೀನಿ. ಒಂದು ಅನುಮಾನ. ಅರ್ಧ ಗಂಟೆ ಅಂದ್ರೆ ನೀರು ಕುದಿ ಬಂದ ಮೇಲಿಂದಲಾ, ಇಟ್ಟಾಗಿನಿಂದಲಾ?”

“ಅಮ್ಮಾ, ಒಲೆ ಆರಿಸಿ! ಈಗಲೇ! ಮೂಗಿಗೆ ಸೆರಗು ಹಿಡ್ಕೊಂಡು ಮನೆಯಿಂದ ಹೊರಗೆ ಬನ್ನಿ. ಪಾತ್ರೆ ಮುಟ್ಟಬೇಡಿ.”

“ಯಾಕಮ್ಮ, ಏನಾಯ್ತು? ಕುದಿ ಬಂದು ಆಗಲೇ ಹತ್ತು ನಿಮಿಷ ಆಯ್ತು.” ಕೆಮ್ಮು. “ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗ್ತಿದೆ...”

“ನಿಮ್ಮ ಮನೆ ಎಲ್ಲಮ್ಮಾ? ಮನೇಲಿ ಯಾರಿದ್ದಾರೆ?”

“ಒಬ್ಬಳೇ ಇದ್ದೀನಿ. ಮಗ ಡ್ಯೂಟೀಲಿದ್ದಾನೆ. ಅವನಿಗೆ ಮಾತ್ರ ಹೇಳಬೇಡಮ್ಮ, ಯಾರು ಏನು ಕೊಟ್ರೂ ತಗೋಬಾರದು ಅಂತ ಬೈ...” ಮತ್ತೆ ಕೆಮ್ಮು, ಈ ಸಲ ನಿಲ್ಲದ ಕೆಮ್ಮು. ಏನೋ ಉರುಳಿದ ಸದ್ದು.

“ಅಮ್ಮಾ!” ನೀರಕ್ಕ ರಿಸೀವರ್ ಹಿಡಿದುಕೊಂಡೇ ಯಜಮಾನರತ್ತ ತಿರುಗಿದಳು. “ಯಾರ ಮನೆಗೆ ಕಳಿಸಿದ್ರಿ? ಹೇಳ್ರೀ! ಬೆಳಿಗ್ಗೆ ಯಾರ ಮನೆಗೆ?”

ಯಜಮಾನರು ಎದ್ದು ನಿಂತು ಎರಡೂ ಕೈ ಜೋಡಿಸಿದ್ದರು. ಜೋಡಿಸಿದ್ದು ಅವಳಿಗಲ್ಲ.

“ಸಾರ್... ಆ ಕಲ್ಲನ್ನ ನಮ್ಮನೇಲಿ ನೀರಲ್ಲಿಟ್ಟಿದ್ದೆ... ಕೇಸು ಸ್ವಲ್ಪ ಮೆತ್ತಗಾಗಲಿ ಅಂತ... ನಿಮ್ಮ ತಾಯಿಯವರು ಮನೇಲಿ ಒಬ್ಬರೇ ಇರ್ತಾರೆ ಅಂತ ಕೇಳಿದ್ದೆ, ಅವರಿಗೂ ಹೊತ್ತು ಹೋಗಲಿ ಅಂತ...”

ಇನ್ಸ್‌ಪೆಕ್ಟರ್ ಕಡಲಣ್ಣನ ಕಾಲರ್ ಬಿಟ್ಟರು. ಅರೆಕ್ಷಣ ಅವರಿಗೆ ಎಲ್ಲಿ ನಿಂತಿದ್ದೇನೆ ಎಂಬುದೇ ಮರೆತಂತಿತ್ತು. ಅತ್ತೆ ಈಗ ಯಾರೂ ಕೇಳುವ ಮೊದಲೇ ಎದ್ದು, ಸ್ಟೂಲನ್ನು ಬಾಗಿಲಿಂದ ಆಚೆ ಒದ್ದರು. ಇನ್ಸ್‌ಪೆಕ್ಟರ್ ಬೀದಿಗೆ ಹಾರಿದರು. ಜೀಪು ಕಿರುಚಿಕೊಂಡು ತಿರುಗಿತು.

“ಅಮ್ಮಾ, ಒಲೆ ಆರಿಸಿದ್ರಾ? ನನ್ನ ಮಾತು ಕೇಳಿಸ್ತಿದೆಯಾ? ತೆವಳಿಕೊಂಡಾದ್ರೂ ಬಾಗಿಲ ಹತ್ತಿರ ಹೋಗಿ ಅಮ್ಮಾ. ನಾನು ಫೋನ್ ಇಡೋಲ್ಲ. ಮಾತಾಡಿ, ಒಂದು ಮಾತು...”

ಆ ಕಡೆಯಿಂದ ನೀರು ಕುದಿಯುವ ಸದ್ದು ಮಾತ್ರ ಕೇಳುತ್ತಲೇ ಇತ್ತು.